ಚಾರ್ಜ್ ಕೊಟ್ಟ ಮೇಲೆ ಬಂದ ನಿದ್ದೆ: ಒಬ್ಬ ಮುಖ್ಯ ಶಿಕ್ಷಕಿಯ ಬಸವಳಿಕೆ ಮತ್ತು 21 ದಿನಗಳ ವಿರಾಮ

ಹಳೇ ಮೈಸೂರು ಕಡೆಯ ಒಂದು ಹಳ್ಳಿ, ಅಲ್ಲೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 1ರಿಂದ 7ನೇ ತರಗತಿವರೆಗೆ 138 ಮಕ್ಕಳು. ಮಂಜೂರಾದ ಹುದ್ದೆ 6, ಇರುವವರು 4 ಮಂದಿ, ಜೊತೆಗೆ ಒಬ್ಬರು ಅತಿಥಿ ಶಿಕ್ಷಕಿ. ಈ ಪ್ರಕರಣ ಅಲ್ಲಿನ ಮುಖ್ಯ ಶಿಕ್ಷಕಿಯದು. ಅವರ ಒಪ್ಪಿಗೆ ಪಡೆದು ಬರೆದಿದೆ. ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದೆ. ಊರಿನವರು ಕರೆಯುವಂತೆ ಇಲ್ಲೂ ಅವರನ್ನು ‘ಮೇಡಂ’ ಎಂದೇ ಕರೆಯೋಣ.

ಹಿನ್ನೆಲೆ

ಮೇಡಂಗೆ 47 ವರ್ಷ, 23 ವರ್ಷದ ಸರ್ವಿಸ್. ಐದನೇ ತರಗತಿಗೆ ಗಣಿತ ಹೇಳಿಕೊಡುವುದರಲ್ಲಿ ಕ್ಲಸ್ಟರಿನಲ್ಲೆಲ್ಲ (ಸುತ್ತಲಿನ ಶಾಲೆಗಳ ಗುಂಪಿನಲ್ಲಿ) ಹೆಸರು. ಮನೆಯಲ್ಲಿ ಸಹಕಾರ ಸಂಘದಲ್ಲಿ ಕೆಲಸ ಮಾಡುವ ಗಂಡ, ದ್ವಿತೀಯ ಪಿಯುಸಿ ಓದುವ ಮಗ, ದಿನಕ್ಕೆರಡು ಸಲ ಇನ್ಸುಲಿನ್ ಬೇಕಾಗುವ ಅತ್ತೆ.

ಹಿಂದಿನ ಹೆಡ್‌ಮಾಸ್ಟರು ನಿವೃತ್ತರಾದ ಮೇಲೆ ಜೂನ್‌ನಲ್ಲಿ ಶಾಲೆಯ ಚಾರ್ಜ್ ಇವರಿಗೆ ಬಂತು. ಅದರೊಟ್ಟಿಗೆ ಏನೇನು ಬಂತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ‘ಕೆಲಸ ಜಾಸ್ತಿ’ ಎಂಬ ಒಂದೇ ಮಾತಿನಲ್ಲಿ ಇದು ಕಾಣುವುದಿಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು: ಮಗುವಿಗೆ 18 ಗ್ರಾಂ ಪುಡಿಯಂತೆ ಪೂರ್ಣ ಹಾಜರಾತಿ ದಿನ ಸುಮಾರು ಎರಡೂವರೆ ಕೆಜಿ. ಬಿಸಿಯೂಟದ ಅಕ್ಕಿ: ಐದರವರೆಗಿನ ಮಕ್ಕಳಿಗೆ ತಲಾ 100 ಗ್ರಾಂ, ಆರು–ಏಳಕ್ಕೆ 150 ಗ್ರಾಂ, ಒಟ್ಟು 16 ಕೆಜಿ. ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ಲೆಕ್ಕ ಬೇರೆ. ದಾಸ್ತಾನು ಪುಸ್ತಕ, ಊಟ ಮಾಡಿದವರ ಸಂಖ್ಯೆಯನ್ನು ಮೊಬೈಲಿನಲ್ಲಿ ಕಳಿಸುವುದು, ಸಿಲಿಂಡರ್ ಬುಕಿಂಗ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಎಂಟ್ರಿ. ಇದೆಲ್ಲದರ ಜೊತೆಗೆ 11 ವಾಟ್ಸ್‌ಆ್ಯಪ್ ಗುಂಪು. ‘ತುರ್ತು, ಇಂದು ಸಂಜೆ 4ರೊಳಗೆ’ ಎಂಬ ಸಂದೇಶ ಯಾವ ಗುಂಪಿನಲ್ಲಿ ಎಷ್ಟು ಹೊತ್ತಿಗೆ ಬೀಳುತ್ತದೋ ಗೊತ್ತಿಲ್ಲದೆ ಫೋನ್ ಕೈಬಿಡುವಂತಿರಲಿಲ್ಲ. ಅದನ್ನು ಸಂಭಾಳಿಸಲೆಂದೇ ಜುಲೈನಲ್ಲಿ ಅವರು ಐದನೇ ತರಗತಿಯ ಗಣಿತವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಆಗ ಅದು ಬಹಳ ಸರಿಯಾದ ತೀರ್ಮಾನವೆಂದು ಎಲ್ಲರಿಗೂ ಅನಿಸಿತ್ತು.

ಸಮಸ್ಯೆ ಕಾಣಿಸಿಕೊಂಡ ಬಗೆ

ಆಗಸ್ಟ್ ಹೊತ್ತಿಗೆ ರಾತ್ರಿ ಮೂರಕ್ಕೆ ಎಚ್ಚರ. ಎಚ್ಚರವಾದ ಕೂಡಲೇ ತಲೆಯಲ್ಲಿ ಲೆಕ್ಕ. ಸೆಪ್ಟೆಂಬರ್‌ನಲ್ಲಿ ಒಂದೇ ದಿನದ ಅಕ್ಕಿಯನ್ನು ದಾಸ್ತಾನು ಪುಸ್ತಕದಲ್ಲಿ ಎರಡು ಸಲ ಖರ್ಚು ಬರೆದರು. ಹಿಂದೆಂದೂ ಇಂಥ ತಪ್ಪು ಮಾಡಿದವರಲ್ಲ. ದಿನಕ್ಕೆ ಐದು ಲೋಟ ಕಾಫಿ, ಮಧ್ಯಾಹ್ನದ ಊಟ ಎಷ್ಟೋ ದಿನ ನಿಂತುಕೊಂಡೇ.

ಅವರೇ ಮುಂದೆ ಸಮಾಲೋಚನೆಯಲ್ಲಿ ಹೇಳಿದ ಒಂದು ಘಟನೆ ಈ ಸ್ಥಿತಿಯನ್ನು ಪರೀಕ್ಷೆಯ ಅಂಕಿಗಳಿಗಿಂತ ಚೆನ್ನಾಗಿ ತೋರಿಸುತ್ತದೆ. ನಲಿಕಲಿಯ (ಚಿಕ್ಕ ತರಗತಿಗಳ) ಒಂದು ಹುಡುಗಿ ಬಿದ್ದ ಹಲ್ಲನ್ನು ನೋಟ್‌ಬುಕ್ ಹಾಳೆಯಲ್ಲಿ ಸುತ್ತಿಕೊಂಡು ಓಡಿ ಬಂದು, ‘ಮಿಸ್, ನೋಡಿ’ ಎಂದು ಅಂಗೈ ಬಿಚ್ಚಿದಳು. ಹಾಳೆಯ ಮೇಲೆ ಒಂದು ಚುಕ್ಕೆ ರಕ್ತ. ಮೇಡಂ ಫೋನಿನಿಂದ ತಲೆಯೆತ್ತಿ ನೋಡಿದರು. ಏನೂ ಅನಿಸಲಿಲ್ಲ. ‘ಆಮೇಲೆ’ ಎಂದು ಮತ್ತೆ ಊಟದ ಸಂಖ್ಯೆ ಒತ್ತಿದರು. ‘ಸಿಟ್ಟು ಬಂದಿದ್ದರೂ ಪರವಾಗಿರಲಿಲ್ಲ, ಏನೂ ಅನಿಸಲಿಲ್ಲವಲ್ಲ’ ಎಂಬುದು ಅವರ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ–11ರಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದ ಒತ್ತಡದ ಬಸವಳಿಕೆಯನ್ನು, ಕಾಯಿಲೆ ಎಂದು ಪಟ್ಟಿ ಮಾಡಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿದೆ. ಲಕ್ಷಣಗಳು ಮೂರು: ಮುಗಿಯದ ದಣಿವು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದೇನೂ ಆಗುತ್ತಿಲ್ಲ ಎನ್ನುವ ಭಾವನೆ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ. ಎರಡನೆಯದನ್ನು ಮಾತ್ರ ಸುತ್ತಲಿನವರು ‘ಚಾರ್ಜ್ ಬಂದ ಮೇಲೆ ದೊಡ್ಡವರಾಗಿಬಿಟ್ಟರು’ ಎಂದು ತಪ್ಪಾಗಿ ಓದುತ್ತಾರೆ. ಈ ಶಾಲೆಯ ಸ್ಟಾಫ್‌ರೂಮಿನಲ್ಲೂ ಅದೇ ಮಾತು ಹುಟ್ಟಿಕೊಂಡಿತ್ತು.

ಮಾಡಿ ನೋಡಿದ್ದು, ಕೈಕೊಟ್ಟಿದ್ದು

ಮೊದಲ ಪ್ರಯತ್ನ ದಸರಾ ರಜೆಯಲ್ಲಿ. ‘ಎಲ್ಲಾದರೂ ಹೋಗಿ ಬಂದರೆ ಸರಿಹೋಗುತ್ತೆ’ ಎಂದು ಗಂಡ ಹೊರಡಿಸಿದರು. ಶೃಂಗೇರಿ, ಹೊರನಾಡು, ಧರ್ಮಸ್ಥಳ, ನಾಲ್ಕು ದಿನ, ಆರು ಜನ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಅತ್ತೆಯ ಇನ್ಸುಲಿನ್ ಐಸ್ ಬಾಕ್ಸಿನಲ್ಲಿದೆಯೇ ನೋಡುವುದು, ಘಟ್ಟದ ತಿರುವುಗಳಲ್ಲಿ ಸಿಗ್ನಲ್ ಸಿಕ್ಕಾಗ ತಿಂಗಳ ಲೆಕ್ಕಪಟ್ಟಿ ಕಳಿಸುವುದು. ಹೊರನಾಡಿನಲ್ಲಿ ದರ್ಶನದ ಸಾಲಿನಲ್ಲಿ ನಿಂತೇ ಎರಡು ಕರೆ. ಪ್ರವಾಸ ಚೆನ್ನಾಗಿತ್ತು, ಆದರೆ ಅದು ವಿಶ್ರಾಂತಿಯಲ್ಲ. ಕೆಲಸದ ಯೋಚನೆಯಿಂದ ಮನಸ್ಸು ಪೂರ್ತಿ ಬಿಡಿಸಿಕೊಳ್ಳದೆ ದೇಹ ಮಾತ್ರ ಬೇರೆ ಊರಿಗೆ ಹೋದರೆ ದಣಿವು ಇಳಿಯುವುದಿಲ್ಲ.

ಎರಡನೆಯದು ನವೆಂಬರ್‌ನಲ್ಲಿ, ಐದು ದಿನ ರಜೆ ಹಾಕಿ ಮನೆಯಲ್ಲೇ. ಚಾರ್ಜ್ ಬಾಯಿಮಾತಿನಲ್ಲಿ ಹಿರಿಯ ಸಹಶಿಕ್ಷಕರಿಗೆ. ಮೊದಲ ದಿನವೇ ಏಳು ಕರೆ: ಬೀರುವಿನ ಎರಡನೇ ಕೀ ಎಲ್ಲಿದೆ, ಸಿಲಿಂಡರ್ ಖಾಲಿಯಾಗಿದೆ, ಮೊಟ್ಟೆಯವನಿಗೆ ಎಷ್ಟು ಕೊಡಬೇಕು, ಒಟಿಪಿ ಬಂತಾ ಮೇಡಂ. ಆ ಒಟಿಪಿಯೇ ಇಲ್ಲಿನ ಗಂಟು. ಶಾಲೆಯ ಲಾಗಿನ್‌ಗಳಿಗೆಲ್ಲ ಅವರ ಸ್ವಂತ ನಂಬರನ್ನೇ ಕೊಟ್ಟಿದ್ದರಿಂದ, ಅವರು ಫೋನ್ ಆಫ್ ಮಾಡಿದರೆ ಶಾಲೆಯ ಕೆಲಸ ನಿಲ್ಲುತ್ತಿತ್ತು. ಮನೆಯಲ್ಲಿದ್ದಾರಲ್ಲ ಎಂದು ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ತೋರಿಸುವ ಕೆಲಸವೂ ಆ ವಾರಕ್ಕೇ ಬಂತು. ಉಳಿದ ಹೊತ್ತಿನಲ್ಲಿ, ಸುಮ್ಮನೆ ಕೂರಲು ಸಂಕೋಚವಾಗಿ, ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದರು.

ಆರನೇ ದಿನ ಶಾಲೆಗೆ ಹೋದವರು, ಸಾಂಬಾರಿಗೆ ಬೇಳೆ ಕಡಿಮೆಯಾಗಿದೆ ಎಂಬ ಕಾರಣಕ್ಕೆ ಅಡುಗೆಯವರ ಮೇಲೆ ಮಕ್ಕಳೆದುರೇ ಕೂಗಾಡಿದರು. ಆಕೆ ಮೇಡಂಗಿಂತ ಹಿರಿಯರು. ಹತ್ತು ವರ್ಷ ಅಕ್ಕ ಎಂದೇ ಕರೆದು ಮಾತಾಡಿಸಿದ ಹೆಂಗಸು. ಆಕೆ ತಿರುಗಿ ಒಂದು ಮಾತೂ ಆಡಲಿಲ್ಲ, ಸೌಟು ಕೆಳಗಿಟ್ಟು ಹೊರಗೆ ಹೋಗಿ ನಿಂತರು. ಅಂದು ರಾತ್ರಿ ಮೇಡಂ ಸ್ವಯಂ ನಿವೃತ್ತಿಯ ಅರ್ಜಿ ಬರೆದರು.

ತಿರುವು

ಅರ್ಜಿಯನ್ನು ಟೈಪ್ ಮಾಡಿಸಲು ಕೊಟ್ಟಾಗ ಗಂಡನಿಗೆ ವಿಷಯ ಗೊತ್ತಾಯಿತು. ಜಗಳವಾಡದೆ, ‘ಕೊಡುವುದಾದರೆ ಕೊಡು, ಅದಕ್ಕೆ ಮುಂಚೆ ಒಂದು ಸಲ ಡಾಕ್ಟರಿಗೆ ತೋರಿಸೋಣ’ ಎಂದರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಅಲ್ಲಿಗೆ ಹೋದರು.

ಮೊದಲು ನೋಡಿದ್ದು ದೇಹವನ್ನು. ಬಿಪಿ 148/94, ಅಂದರೆ ಹೆಚ್ಚು; ಹಿಮೋಗ್ಲೋಬಿನ್ 9.4, ಅಂದರೆ ಕಡಿಮೆ; ಥೈರಾಯ್ಡ್ ಸರಿ ಇತ್ತು. ದಣಿವೆಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ ಈ ಪರೀಕ್ಷೆಗಳು ಆಗಲೇಬೇಕು. ಈ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ, ಥೈರಾಯ್ಡ್ ತೊಂದರೆ ಎರಡೂ ಬರ್ನ್‌ಔಟಿನ ವೇಷದಲ್ಲಿ ಬರಬಹುದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ–9ರಲ್ಲಿ 27ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರು, ಇಲ್ಲ ಎಂದರು. ಬರುತ್ತದೆ ಎಂದಿದ್ದರೆ ಮುಂದಿನ ದಾರಿಯೇ ಬೇರೆ: ವಿರಾಮ ಇತ್ಯಾದಿಯೆಲ್ಲ ಆಮೇಲಿನ ಮಾತು, ಚಿಕಿತ್ಸೆ ಮೊದಲು. ಮಗ ನಗಿಸಿದರೆ ನಗು ಬರುತ್ತಿತ್ತು, ಭಾನುವಾರ ಬೆಳಿಗ್ಗೆ ಸ್ವಲ್ಪ ಹಗುರವಿದ್ದು ಸಂಜೆ ಭಾರವಾಗುತ್ತಿತ್ತು. ಇದನ್ನೆಲ್ಲ ಕೇಳಿದ ವೈದ್ಯರು ಖಿನ್ನತೆಯ ಮಾತ್ರೆಯನ್ನು ಆಗಲೇ ಶುರುಮಾಡಲಿಲ್ಲ. ಎರಡು ವಾರಕ್ಕೆ ಮತ್ತೆ ಬರಬೇಕೆಂದರು, ಕಬ್ಬಿಣದ ಮಾತ್ರೆ ಕೊಟ್ಟರು, 21 ದಿನಕ್ಕೆ ವೈದ್ಯಕೀಯ ಪ್ರಮಾಣಪತ್ರ ಬರೆದರು.

ಸಮಾಲೋಚಕರು ಕೇಳಿಕೊಂಡಿದ್ದು ಎರಡೇ. ನಿವೃತ್ತಿ ಅರ್ಜಿಯನ್ನು ಹರಿಯಬೇಡಿ, ಕೊಡಲೂಬೇಡಿ. ಲಕೋಟೆಯಲ್ಲಿ ಹಾಕಿ ಮೇಲೆ ಆರು ವಾರದ ನಂತರದ ತಾರೀಕು ಬರೆದಿಡಿ. ಎರಡನೆಯದು, ಚಾರ್ಜನ್ನು ಬರವಣಿಗೆಯಲ್ಲಿ ಕೊಡದೆ ರಜೆ ಶುರುಮಾಡಬೇಡಿ.

ರಜೆಯ ವಿಷಯದಲ್ಲಿ ಒಂದು ಮಾತು. ಬೇಸಿಗೆ, ದಸರಾ ರಜೆ ಇರುತ್ತದೆಂದು ಶಿಕ್ಷಕರಿಗೆ ವರ್ಷಕ್ಕೆ 10 ದಿನ ಮಾತ್ರ ಗಳಿಕೆ ರಜೆ. ಬೇರೆ ಇಲಾಖೆಯವರಿಗೆ 30. ಹಾಗಾಗಿ ‘ನಮಗೆ ಇಎಲ್ ಎಲ್ಲಿದೆ’ ಎಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಆದರೆ ವರ್ಷಕ್ಕೆ 20ರಂತೆ ಅರ್ಧ ವೇತನ ರಜೆ ಖಾತೆಯಲ್ಲಿ ಜಮೆಯಾಗುತ್ತಲೇ ಇರುತ್ತದೆ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು, ಖಾತೆಯಿಂದ ಎರಡರಷ್ಟು ಕಳೆಯುತ್ತಾರೆ. ಮೇಡಂ ಖಾತೆಯಲ್ಲಿ 300ಕ್ಕೂ ಹೆಚ್ಚು ದಿನವಿತ್ತು. 21 ದಿನಕ್ಕೆ 42 ಹೋಯಿತು, ಸಂಬಳಕ್ಕೆ ಕತ್ತರಿ ಬೀಳಲಿಲ್ಲ. ಸರ್ವಿಸ್ ರಿಜಿಸ್ಟರ್ ತೆಗೆಸಿ ನೋಡುವವರೆಗೆ ಇದು ಅವರಿಗೆ ಗೊತ್ತೇ ಇರಲಿಲ್ಲ.

ಚಾರ್ಜ್ ಪಟ್ಟಿ ಎರಡು ಪುಟವಾಯಿತು. ಯಾವ ಬೀಗಕ್ಕೆ ಯಾವ ಕೀ, ಉಗ್ರಾಣದಲ್ಲಿ ಇಂದು ಎಷ್ಟು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ. ಗ್ಯಾಸ್ ಏಜೆನ್ಸಿಯ ಗ್ರಾಹಕ ಸಂಖ್ಯೆ. ಮೊಟ್ಟೆಯವನಿಗೆ ಬಾಕಿ ಎಷ್ಟು. ಯಾವ ವಿಷಯಕ್ಕೆ ಸಿಆರ್‌ಪಿಯವರಿಗೆ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಫೋನ್ ಮಾಡಬೇಕು, ಯಾವುದಕ್ಕೆ ಎಸ್‌ಡಿಎಂಸಿ ಅಧ್ಯಕ್ಷರಿಗೆ. ಶಾಲೆಯ ಬೀರುವಿನಲ್ಲಿದ್ದ ಹಳೇ ಫೋನಿಗೆ ಹೊಸ ಸಿಮ್ ಹಾಕಿ, ಲಾಗಿನ್‌ಗಳ ನಂಬರನ್ನು ಅದಕ್ಕೆ ಬದಲಿಸಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕೊಟ್ಟು ನಾಲ್ಕು ದಿನ ಓಡಾಡಬೇಕಾಯಿತು. ಆ ನಾಲ್ಕು ದಿನ ರಜೆ ತಡವಾದರೂ ಅವಸರ ಮಾಡಲಿಲ್ಲ. ಈ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಒಂದು ಕೆಲಸ ಯಾವುದೆಂದರೆ ಇದೇ.

21 ದಿನ

ಮೊದಲ ಹನ್ನೆರಡು ದಿನ ತವರಿಗೆ ಹೋಗುವುದೆಂದಾಯಿತು. ಅಣ್ಣನ ಮನೆ, ಅಲ್ಲೇ ತಾಯಿ. ಇತ್ತ ಅತ್ತೆಯ ಇನ್ಸುಲಿನ್ನನ್ನು ಗಂಡ ಕಲಿತರು; ನಾದಿನಿ ಒಂದು ವಾರ ಬಂದು ಇದ್ದರು. ತವರಿಗೆ ಹೋದರೆ ಅಲ್ಲೂ ಅಡುಗೆಗೆ ನಿಲ್ಲುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ. ಹಾಗಾಗಿ ಸಮಾಲೋಚಕರು ಅತ್ತಿಗೆಯ ಹತ್ತಿರವೇ ಫೋನಿನಲ್ಲಿ ಮಾತಾಡಿ, ಮೊದಲ ವಾರ ಇವರನ್ನು ಒಲೆಯ ಹತ್ತಿರ ಬಿಡಬೇಡಿ ಎಂದು ಕೇಳಿಕೊಂಡರು.

ಮೊದಲ ವಾರಕ್ಕೆ ನಿದ್ದೆಯೊಂದೇ ಗುರಿ. ಏಳುವ ಹೊತ್ತು ಆರೂವರೆ, ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ದರೂ. ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆ, ಅದೂ ಮೂರರೊಳಗೆ. ಕಾಫಿ ಎರಡು ಲೋಟ, ಮಧ್ಯಾಹ್ನ ಎರಡರ ನಂತರ ಇಲ್ಲ. ಕಬ್ಬಿಣದ ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರ, ಇಲ್ಲದಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಂಜೆ ತೋಟದ ಕಡೆ 20 ನಿಮಿಷ ನಡಿಗೆ, ಆಮೇಲಾಮೇಲೆ 40.

ಮೂರನೇ ಮತ್ತು ನಾಲ್ಕನೇ ದಿನ ಸ್ಥಿತಿ ಬಿಗಡಾಯಿಸಿತು. ಕಾರಣವಿಲ್ಲದೆ ಅಳು, ಕೈಯಲ್ಲಿ ಫೋನಿಲ್ಲದ ಚಡಪಡಿಕೆ, ‘ನಾನಿಲ್ಲಿ ಮಲಗಿದ್ದೇನೆ, ಅಲ್ಲಿ ಶಾಲೆಯವರು ಕೆಲಸ ಮಾಡಿ ಸಾಯುತ್ತಿದ್ದಾರೆ’ ಎಂಬ ಅಪರಾಧ ಭಾವ. ವಾಪಸ್ ಹೋಗಿಬಿಡುತ್ತೇನೆ ಎಂದು ಬ್ಯಾಗ್ ತುಂಬಿದರು. ಬಹಳ ಜನ ಬಿಟ್ಟೋಡುವುದು ಇಲ್ಲೇ, ರಜೆಯಿಂದ ತಮಗೆ ಉಪಯೋಗವಿಲ್ಲ ಎಂದು ತೀರ್ಮಾನಿಸಿ. ತಿಂಗಳುಗಟ್ಟಲೆ ಬಿಗಿಹಿಡಿದ ಮೈ ಸಡಿಲವಾದಾಗಲೇ ಅದುವರೆಗೆ ಅದುಮಿಟ್ಟ ದಣಿವು, ದುಃಖ ಮೇಲೆ ಬರುವುದು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರಿಂದ ತಾಯಿ ಗಾಬರಿಯಾಗಲಿಲ್ಲ. ‘ಮಲಗು ಮಗಾ, ನಾಳೆ ಹೋಗುವೆಯಂತೆ’ ಎನ್ನುತ್ತ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದರು. ಐದನೇ ದಿನ ಮೇಡಂ ಹೋಗುವ ಮಾತೆತ್ತಲಿಲ್ಲ. ಬಂದಾಗ ನಾಲ್ಕೂವರೆ ಗಂಟೆ ಇದ್ದ ನಿದ್ದೆ ಒಂಬತ್ತನೇ ದಿನಕ್ಕೆ ಆರೂವರೆಗೆ ಬಂತು.

ಆತ್ಮಾವಲೋಕನಕ್ಕೆ ಕೈಹಾಕಿದ್ದು ಹತ್ತನೇ ದಿನದಿಂದ, ಅದಕ್ಕೆ ಮೊದಲಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಯೋಚಿಸಿದರೆ ಹೊಳೆಯುವುದು ಎರಡೇ ಉತ್ತರ: ‘ಎಲ್ಲ ನನ್ನದೇ ತಪ್ಪು’ ಅಥವಾ ‘ಎಲ್ಲ ಬಿಟ್ಟುಬಿಡಬೇಕು’. ಬೆಳಿಗ್ಗೆ ತಿಂಡಿಯಾದ ಮೇಲೆ 25 ನಿಮಿಷ, ಒಂದು ಬರೆಯುವ ಪುಸ್ತಕ. ಶಾಲೆಯ ಒಂದೊಂದು ಕೆಲಸವನ್ನೂ ಬೇರೆ ಬೇರೆ ಬರೆದು, ವಾರಕ್ಕೆ ಎಷ್ಟು ನಿಮಿಷ, ಮಾಡಿದ ಮೇಲೆ ಮೈ ಹಗುರವೋ ಭಾರವೋ, ಬದಲಿಸುವುದು ನನ್ನ ಕೈಯಲ್ಲಿದೆಯೋ ಇಲ್ಲವೋ ಎಂಬ ಮೂರು ಕಲಂ. ಒಂದೇ ವಾಕ್ಯ ಮೂರನೇ ಸಲ ಬಂದರೆ ಪುಸ್ತಕ ಮುಚ್ಚಿ ನಡೆಯಲು ಹೋಗಬೇಕು, ಏಕೆಂದರೆ ಅಲ್ಲಿಂದಾಚೆಗೆ ಅದು ಯೋಚನೆಯಲ್ಲ, ಕೊರಗು.

ಆರು ದಿನದ ಬರಹದಲ್ಲಿ ಕಂಡದ್ದು ಅವರನ್ನೇ ಬೆರಗಾಗಿಸಿತು. ಬಿಸಿಯೂಟದ ಲೆಕ್ಕ ಅಷ್ಟು ಭಾರವೇ ಇರಲಿಲ್ಲ. ಭಾರವಾಗಿದ್ದದ್ದು ಯಾವ ಹೊತ್ತಿಗೆ ಏನು ಕೇಳುತ್ತಾರೋ ಎಂಬ ಕಾಯುವಿಕೆ. ಎರಡನೆಯದು ದುಡ್ಡು: ಮೊಟ್ಟೆಗೆ ಸಿಗುವ ದರಕ್ಕೂ ಅಂಗಡಿಯ ದರಕ್ಕೂ ಇದ್ದ ವ್ಯತ್ಯಾಸವನ್ನು ಕೈಯಿಂದ ಹಾಕಿ ಹಾಕಿ 1,700 ರೂಪಾಯಿ ದಾಟಿತ್ತು, ಕೇಳಲು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ‘ಹಗುರ’ ಎಂಬ ಕಲಮಿನಲ್ಲಿ ಇದ್ದದ್ದು ಒಂದೇ ಸಾಲು: ಐದನೇ ತರಗತಿ ಗಣಿತ. ಅದರ ಮುಂದೆ ನಿಮಿಷಗಳ ಜಾಗದಲ್ಲಿ ಸೊನ್ನೆ. ತಾಳಿಕೊಳ್ಳಲೆಂದು ಜುಲೈನಲ್ಲಿ ಅವರು ಬಿಟ್ಟುಕೊಟ್ಟದ್ದು, ತಾಳಿಕೊಳ್ಳುವ ಶಕ್ತಿ ಕೊಡುತ್ತಿದ್ದ ಒಂದೇ ಕೆಲಸವನ್ನು.

ಹನ್ನೆರಡು ದಿನ ಕಳೆದು ಮನೆಗೆ ಬಂದರು. ಶಾಲೆಗೆ ಹೋಗುವ ಮೊದಲು ಸಿಆರ್‌ಪಿ, ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಹಿರಿಯ ಸಹಶಿಕ್ಷಕರ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಿದರು. ‘ನನಗೆ ಆಗುತ್ತಿಲ್ಲ’ ಎನ್ನುವ ಬದಲು ಪುಸ್ತಕದ ಪಟ್ಟಿಯನ್ನೇ ಮುಂದಿಟ್ಟರು. ಬಿಸಿಯೂಟದ ದಿನದ ಲೆಕ್ಕ ಸಹಶಿಕ್ಷಕರಿಗೆ. ಗುಂಪುಗಳ ಸಂದೇಶ ನೋಡುವುದು ಬೆಳಿಗ್ಗೆ ಒಂಬತ್ತೂವರೆ ಮತ್ತು ಮಧ್ಯಾಹ್ನ ಮೂರೂವರೆಗೆ, ನಿಜಕ್ಕೂ ತುರ್ತಾದರೆ ಸಿಆರ್‌ಪಿ ಕರೆ ಮಾಡುವುದು. ಐದನೇ ತರಗತಿಯ ಗಣಿತದ ಪೀರಿಯಡ್ ವಾಪಸ್, ಆ 40 ನಿಮಿಷ ಫೋನ್ ಬೀರುವಿನಲ್ಲಿ. ಮೊಟ್ಟೆಯ ವ್ಯತ್ಯಾಸ ಎಸ್‌ಡಿಎಂಸಿ ನಡಾವಳಿಯಲ್ಲಿ ದಾಖಲು. ಖಾಲಿ ಹುದ್ದೆ ತುಂಬಿಸಿಕೊಡುವುದು ಅಲ್ಲಿದ್ದ ಯಾರ ಕೈಯಲ್ಲೂ ಇರಲಿಲ್ಲ, ಅದು ಆಗಲಿಲ್ಲ.

ಕೆಲಸಕ್ಕೆ ಮರಳಿದ್ದು ಬುಧವಾರ, ಬೇಕೆಂದೇ. ಸೋಮವಾರ ಮರಳಿದರೆ ಮೊದಲ ವಾರವೇ ಪೂರ್ತಿ ವಾರ. ಬುಧವಾರವಾದರೆ ಶನಿವಾರದ ಅರ್ಧ ದಿನ ಸೇರಿ ಮೂರೂವರೆ ದಿನದಲ್ಲಿ ಭಾನುವಾರ ಸಿಗುತ್ತದೆ. ಅಂದು ಮೊದಲು ಮಾಡಿದ ಕೆಲಸ ಅಡುಗೆಕೋಣೆಗೆ ಹೋಗಿ, ‘ಅಕ್ಕ, ಅವತ್ತು ನಾನು ಹಾಗೆ ಮಾತಾಡಬಾರದಿತ್ತು’ ಎಂದದ್ದು.

ಆಮೇಲೆ

ಕೆಲಸಕ್ಕೆ ಮರಳಿದ ಮೂರನೇ ವಾರಕ್ಕೆ ಮತ್ತೆ ಜಾರಿದರು. ಅಧಿಕಾರಿಗಳ ಭೇಟಿ ಇದೆಯೆಂದು ತಿಳಿದು, ಮೂರು ರಾತ್ರಿ ಮತ್ತೆ ಮೂರಕ್ಕೆ ಎಚ್ಚರ. ರಜೆ ತಂದ ಲವಲವಿಕೆ ಕೆಲವೇ ವಾರದಲ್ಲಿ ಕರಗುವುದು ಸಾಮಾನ್ಯ, ಅದಕ್ಕೆ ಸಿದ್ಧತೆ ಬೇಕು. ಬೀರುವಿನ ಬಾಗಿಲ ಒಳಬದಿಗೆ ಮೂರು ಸೂಚನೆ ಬರೆದು ಅಂಟಿಸಿಕೊಂಡಿದ್ದರು: ಸತತ ಎರಡು ರಾತ್ರಿ ಎಚ್ಚರ, ನಿಂತುಕೊಂಡು ಊಟ, ಮಗು ಕರೆದರೆ ‘ಆಮೇಲೆ’ ಎನ್ನುವುದು. ಮೂರರಲ್ಲಿ ಎರಡು ಕಂಡರೆ ಒಂದು ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಮಲಗುವುದು. ಹಾಗೇ ಮಾಡಿದರು.

ಎಂಟನೇ ವಾರದ ತಪಾಸಣೆಯಲ್ಲಿ ಪಿಎಚ್‌ಕ್ಯೂ–9 ಐದಕ್ಕೆ ಇಳಿದಿತ್ತು, ಬಿಪಿ 132/86, ಹಿಮೋಗ್ಲೋಬಿನ್ 11.2. ಇದರಲ್ಲಿ ಕಬ್ಬಿಣದ ಮಾತ್ರೆಯ ಪಾಲೆಷ್ಟು, ವಿರಾಮದ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ನಿವೃತ್ತಿ ಅರ್ಜಿಯ ಲಕೋಟೆಯನ್ನು ಬರೆದಿಟ್ಟ ತಾರೀಕಿಗೆ ಸರಿಯಾಗಿ ತೆರೆದು ಓದಿದರು. ‘ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಇದು ಇವತ್ತಿನ ಕಾಗದ ಅಲ್ಲ’ ಎಂದು ಮತ್ತೆ ಮಡಿಸಿಟ್ಟು, ಮೇಲೆ ಮೇ ತಿಂಗಳ ತಾರೀಕು ಬರೆದರು. ಬಿಡಬೇಕೆಂಬ ತೀರ್ಮಾನ ಮುಂದೊಮ್ಮೆ ಸರಿಯೇ ಆಗಬಹುದು. ದಣಿದ ರಾತ್ರಿಯಲ್ಲಿ ಅದು ಆಗಬಾರದಿತ್ತು, ಅಷ್ಟೆ.

ಸರಿಹೋಗದೆ ಉಳಿದದ್ದನ್ನೂ ಬರೆಯಬೇಕು. ಮಾರ್ಚ್ ಹೊತ್ತಿಗೆ ಬಿಸಿಯೂಟದ ಲೆಕ್ಕ ಹೊತ್ತ ಸಹಶಿಕ್ಷಕರೂ ಸೊರಗತೊಡಗಿದರು. ಅವರಿಗೆ ಮತಗಟ್ಟೆಯ ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ) ಕೆಲಸವೂ ಇತ್ತು. ಹೊರೆ ಹೆಗಲು ಬದಲಿಸಿತ್ತು, ಇಳಿದಿರಲಿಲ್ಲ. ಇದನ್ನು ಮೊದಲ ಮಾತುಕತೆಯಲ್ಲೇ ಯೋಚಿಸದಿದ್ದದ್ದು ಈ ಪ್ರಕರಣದ ದೊಡ್ಡ ಕೊರತೆ. ಈಗ ಲೆಕ್ಕ ತಿಂಗಳಿಗೊಬ್ಬರಂತೆ ಸುತ್ತುತ್ತದೆ. ಎರಡು ಪುಟದ ಚಾರ್ಜ್ ಪಟ್ಟಿ ಉಗ್ರಾಣದ ಬಾಗಿಲ ಮೇಲಿದೆ, ಹಾಗಾಗಿ ಯಾರು ರಜೆ ಹಾಕಿದರೂ ಕರೆ ಹೋಗುವುದು ಕಡಿಮೆ.

ಅದೇ ಶಾಲೆಯ ಅತಿಥಿ ಶಿಕ್ಷಕಿಗೆ ಅರ್ಧ ವೇತನ ರಜೆಯ ಖಾತೆಯೇ ಇಲ್ಲ. ಹೀಗೆ 21 ದಿನ ಮನೆಯಲ್ಲಿ ಕೂತರೆ ಗೌರವಧನ ಕೈಬಿಟ್ಟಂತೆ. ಸುಸ್ತು ಅವರಿಗೂ ಅಷ್ಟೇ ಇತ್ತು. ಅವರಿಗಾಗಿ ಆದದ್ದು ಇಷ್ಟು: ಮಧ್ಯಾಹ್ನದ ಊಟದ ಉಸ್ತುವಾರಿಯಿಂದ ವಾರಕ್ಕೆ ಮೂರು ದಿನ ಬಿಡುವು, ಆ ಅರ್ಧ ಗಂಟೆ ಖಾಲಿ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಇರಲು ಅವಕಾಶ. ಜೊತೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ–ಮಾನಸ್‌ನ 14416. ಈ ಉಚಿತ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅವರು ಮೊದಲ ಸಲ ಕರೆ ಮಾಡಿದ್ದು ಆ ಖಾಲಿ ಕೊಠಡಿಯಿಂದಲೇ.